ಬಲಿ, ಬಿರುಕು ಮತ್ತು ಕಮಾನು: ಸಾಲ್ಗಿನಾಟೋಬೆಲ್ ಸೇತುವೆಯ ಒಂದು ಜಾನಪದೀಯ ಓದು

1. ಪ್ರಶ್ನೆಯ ಹಿನ್ನೆಲೆ

ಕಟ್ಟಿದ್ದು ನಿಲ್ಲಬೇಕಾದರೆ ಅದಕ್ಕೆ ಏನನ್ನಾದರೂ ಕೊಡಬೇಕು ಎಂಬ ನಂಬಿಕೆ ಜಗತ್ತಿನ ಹಲವು ಜನಪದಗಳಲ್ಲಿ ಕಂಡುಬರುತ್ತದೆ. ಸ್ಟಿತ್ ಥಾಮ್ಸನ್ ಅವರ ಆಶಯಸೂಚಿಯಲ್ಲಿ ಇದು 'ಅಡಿಪಾಯದ ಬಲಿ' ಎಂಬ ಹೆಸರಿನಲ್ಲಿ ಎಸ್ 261ನೆಯ ಆಶಯವಾಗಿ ದಾಖಲಾಗಿದೆ. ಕನ್ನಡಿಗರಿಗೆ ಇದರ ಪರಿಚಯ 'ಕೆರೆಗೆ ಹಾರ' ಕಥನಗೀತೆಯಿಂದ ಆಗಿದೆ. ಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಕಿರಿಯ ಸೊಸೆ ಭಾಗೀರಥಿ ಹಾರವಾದ ಮೇಲೆ ಬರುತ್ತದೆ. ಗ್ರೀಸ್ ದೇಶದ ಆರ್ಟಾ ಸೇತುವೆಯ ಹಾಡಿನಲ್ಲಿ ಹಗಲು ಕಟ್ಟಿದ್ದು ಇರುಳು ಕುಸಿಯುತ್ತದೆ. ಮುಖ್ಯ ಕುಶಲಕರ್ಮಿಯ ಹೆಂಡತಿಯನ್ನು ಕಂಬದೊಳಗೆ ಸೇರಿಸಿದ ಮೇಲೆ ಅದು ನಿಲ್ಲುತ್ತದೆ. ಅಲನ್ ಡಂಡೆಸ್ 1996ರಲ್ಲಿ ಸಂಪಾದಿಸಿದ ಅಧ್ಯಯನ ಗ್ರಂಥವೊಂದು ಬಾಲ್ಕನ್ ಪ್ರದೇಶದ ಮತ್ತು ಭಾರತದ ಇಂಥ ಪಾಠಗಳನ್ನು ಒಟ್ಟಿಗೆ ಇಟ್ಟು ನೋಡಲು ಅವಕಾಶ ಮಾಡಿಕೊಟ್ಟಿತು.

ತರಗತಿಯಲ್ಲಿ 'ಕೆರೆಗೆ ಹಾರ'ವನ್ನು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಕೇಳಿದ ಪ್ರಶ್ನೆ ಈ ಲೇಖನದ ಮೂಲ. "ಅದೆಲ್ಲ ಸರಿ, ಕೆರೆಗೆ ಮೊದಲು ನೀರು ಯಾಕೆ ಬರಲಿಲ್ಲ?" ಎಂದು ಆಕೆ ಕೇಳಿದಳು. ಆ ಗೀತೆಯ ತ್ಯಾಗ, ಹೆಣ್ಣಿನ ಮೌನ, ಗೌಡಿಕೆಯ ಅಧಿಕಾರ ಇವುಗಳನ್ನು ಕುರಿತು ಕನ್ನಡ ವಿಮರ್ಶೆ ಸಾಕಷ್ಟು ಚರ್ಚಿಸಿದೆ. ಆದರೆ ಆ ಕೆರೆಯನ್ನು ಅಗೆದವರು, ಏರಿ ಹಾಕಿದವರು, ನೀರಿನ ದಾರಿ ನೋಡಿದವರು ನಮ್ಮ ಚರ್ಚೆಯಿಂದ ಹೊರಗೇ ಉಳಿದಿದ್ದಾರೆ. ಬಲಿಯ ಕಥೆಯನ್ನು ನಾವು ಸಂಗ್ರಹಿಸಿದೆವು. ಕಟ್ಟುವ ಅರಿವಿನ ಕಥೆಯನ್ನು ಸಂಗ್ರಹಿಸಲಿಲ್ಲ.

ಇದು ಕೇವಲ ಶೈಕ್ಷಣಿಕ ಕೊರತೆಯಲ್ಲ. 2019ರ ಜುಲೈ ತಿಂಗಳಿನಲ್ಲಿ ಬಾಂಗ್ಲಾದೇಶದ ಪದ್ಮಾ ಸೇತುವೆಗೆ ಮನುಷ್ಯರ ತಲೆಗಳು ಬೇಕಾಗಿವೆ ಎಂಬ ವದಂತಿ ಹಬ್ಬಿತು. ಮಕ್ಕಳ ಕಳ್ಳರೆಂಬ ಸಂಶಯದಿಂದ ಗುಂಪುಗಳು ಕನಿಷ್ಠ ಎಂಟು ಮಂದಿಯನ್ನು ಹೊಡೆದು ಕೊಂದವು. ಸೂಚಿಯಲ್ಲಿ ಒಂದು ಸಂಖ್ಯೆಯಾಗಿ ಮಲಗಿದೆಯೆಂದು ನಾವು ಭಾವಿಸಿದ್ದ ಆಶಯವು ಹೀಗೆ ಬೀದಿಗಿಳಿಯಿತು. ಕಟ್ಟಡವೊಂದು ಹೇಗೆ ನಿಲ್ಲುತ್ತದೆ ಎಂಬುದು ಕಣ್ಣಿಗೆ ಕಾಣದಿದ್ದಾಗ ಆ ತೆರವನ್ನು ಕಥೆ ತುಂಬುತ್ತದೆ. ಆದ್ದರಿಂದ 'ಸೇತುವೆ ನಿಲ್ಲಲು ಏನನ್ನು ಕೊಡಬೇಕು?' ಎಂಬ ಜನಪದದ ಪ್ರಶ್ನೆಯನ್ನು ಒಂದು ನಿಜವಾದ ಸೇತುವೆಯ ಮುಂದಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ಸ್ವಿಟ್ಜರ್ಲೆಂಡಿನ ಸಾಲ್ಗಿನಾಟೋಬೆಲ್ ಕಣಿವೆಯ ಕಾಂಕ್ರೀಟ್ ಕಮಾನು ಸೇತುವೆಯನ್ನು ಆಯ್ದುಕೊಳ್ಳಲಾಗಿದೆ. ಆಯ್ಕೆಗೆ ಎರಡು ಕಾರಣಗಳಿವೆ. ಒಂದು, ಸೇತುವೆಯ ಬಲಿಕಥೆಯ ಪ್ರಸಿದ್ಧ ಪಾಠವೊಂದು ಅದೇ ದೇಶದ್ದು. ಎರಡು, ಈ ಸೇತುವೆಯ ಹಿಂದಿನ ತಪ್ಪು, ತಿದ್ದುಪಡಿಗಳ ಚರಿತ್ರೆ ಸ್ಪಷ್ಟವಾಗಿ ಉಳಿದುಬಂದಿದೆ.

2. ಸೈತಾನನ ಸೇತುವೆ

ಸ್ವಿಟ್ಜರ್ಲೆಂಡಿನ ಊರಿ ಪ್ರಾಂತ್ಯದಲ್ಲಿ ರಾಯ್ಸ್ ನದಿ ಷೋಲೆನೆನ್ ಎಂಬ ಕಡಿದಾದ ಕಮರಿಯಲ್ಲಿ ಹರಿಯುತ್ತದೆ. ಅಲ್ಲಿ ಸೇತುವೆ ಕಟ್ಟಲಾಗದೆ ಸೋತ ಜನ ಸೈತಾನನ ಮೊರೆ ಹೊಕ್ಕರೆಂದು ಐತಿಹ್ಯ ಹೇಳುತ್ತದೆ. ಮೊದಲು ದಾಟುವ ಜೀವ ತನಗೆ ಸೇರಬೇಕೆಂಬ ಕರಾರಿನ ಮೇಲೆ ಆತ ಸೇತುವೆ ಕಟ್ಟಿಕೊಡುತ್ತಾನೆ. ಜನ ಒಂದು ಹೋತವನ್ನು ಮುಂದೆ ಅಟ್ಟುತ್ತಾರೆ. ಮೋಸಹೋದ ಸೈತಾನ ಸೇತುವೆಯನ್ನು ಕೆಡವಲು ಬಂಡೆಯೊಂದನ್ನು ಹೊತ್ತು ತರುತ್ತಾನೆ. ದಾರಿಯಲ್ಲಿ ಮುದುಕಿಯೊಬ್ಬಳು ಅದರ ಮೇಲೆ ಶಿಲುಬೆಯ ಗುರುತು ಎಳೆಯಲು ಅದನ್ನು ಅಲ್ಲಿಯೇ ಬಿಟ್ಟು ಓಡುತ್ತಾನೆ. ಅಂತಾರಾಷ್ಟ್ರೀಯ ಕಥಾವರ್ಗ ಸೂಚಿಯಲ್ಲಿ ಇದು 1191ನೆಯ ವರ್ಗ.

ಭಾಗೀರಥಿಯ ಕಥೆಗೂ ಈ ಕಥೆಗೂ ಇರುವ ವ್ಯತ್ಯಾಸ ಗಮನಾರ್ಹವಾದುದು. ಮೊದಲನೆಯದರಲ್ಲಿ ಬೆಲೆಯನ್ನು ಮನೆಯ ಅತ್ಯಂತ ದುರ್ಬಲ ಸದಸ್ಯೆ ತೆರುತ್ತಾಳೆ. ಎರಡನೆಯದರಲ್ಲಿ ಊರವರು ಜಾಣತನದಿಂದ ಬೆಲೆಯನ್ನು ಇಳಿಸಿಕೊಳ್ಳುತ್ತಾರೆ. ಆದರೆ ಎರಡರಲ್ಲಿಯೂ ಸಮಾನವಾದ ಒಂದು ಅಂಶವಿದೆ: ಕಟ್ಟುವ ಕೌಶಲವು ಮನುಷ್ಯರ ಕೈಯಲ್ಲಿಲ್ಲ. ಅದು ದೈವದ ಅಥವಾ ಸೈತಾನನ ಅಧೀನದಲ್ಲಿದೆ.

ಆ ಐತಿಹ್ಯದ ಬಂಡೆಯೆಂದು ಜನ ತೋರಿಸುವ, ಸುಮಾರು 220 ಟನ್ ತೂಗುವ ಕಲ್ಲು ಗೋಷೆನೆನ್ ಊರಿನ ಬಳಿ ಈಗಲೂ ಇದೆ. 1977ರಲ್ಲಿ ಹೆದ್ದಾರಿಯ ಕಾಮಗಾರಿಗೆ ಅದು ಅಡ್ಡವಾದಾಗ ಸಿಡಿಸಿ ತೆಗೆಯಬಹುದಾಗಿತ್ತು. ಹಾಗೆ ಮಾಡದೆ ಸುಮಾರು 3 ಲಕ್ಷ ಫ್ರಾಂಕ್ ಖರ್ಚುಮಾಡಿ ಅದನ್ನು 127 ಮೀಟರ್ ದೂರಕ್ಕೆ ಸರಿಸಲಾಯಿತು. ಆಧುನಿಕ ತಂತ್ರಜ್ಞಾನ ಬಂದೊಡನೆ ಐತಿಹ್ಯ ಅಳಿಯುತ್ತದೆ ಎಂಬ ನಮ್ಮ ಸಾಮಾನ್ಯ ತೀರ್ಮಾನವನ್ನು ಈ ಒಂದು ಘಟನೆ ಮರುಪರಿಶೀಲನೆಗೆ ಒಡ್ಡುತ್ತದೆ. ಅಳಿಸುವುದಾಗಲಿ ಆರಾಧಿಸುವುದಾಗಲಿ ಅಲ್ಲದೆ, ಐತಿಹ್ಯದೊಂದಿಗೆ ಬಾಳುವ ಮೂರನೆಯ ದಾರಿಯೂ ಇದೆ.

3. ಸೇತುವೆಯ ಚರಿತ್ರೆ

ಅದೇ ದೇಶದ ಪೂರ್ವಭಾಗದ ಗ್ರೌಬುಂಡೆನ್ ಪ್ರಾಂತ್ಯದಲ್ಲಿ ಷೀರ್ಸ್ ಎಂಬ ಊರಿದೆ. ಅದರ ಮೇಲಿನ ಬೆಟ್ಟದಲ್ಲಿ ಷೂಡರ್ಸ್ ಎಂಬ ಪುಟ್ಟ ಹಳ್ಳಿಯಿದೆ. ಈ ಎರಡನ್ನೂ ಬೆಸೆಯುವ ರಸ್ತೆಗೆ ಸಾಲ್ಗಿನಾ ತೊರೆಯ ಆಳವಾದ ಕಣಿವೆ ಅಡ್ಡವಾಗಿತ್ತು. 1928ರಲ್ಲಿ ಸೇತುವೆಗೆ ವಿನ್ಯಾಸಗಳನ್ನು ಆಹ್ವಾನಿಸಿದಾಗ 19 ಪ್ರಸ್ತಾವಗಳು ಬಂದವು. ವೆಚ್ಚದ ದೃಷ್ಟಿಯಿಂದ ಮುಂದಿದ್ದ ಎಂಜಿನಿಯರ್ ರಾಬರ್ಟ್ ಮೇಯಾರ್ ಅವರ ವಿನ್ಯಾಸ ಆಯ್ಕೆಯಾಯಿತು. ಫ್ಲೋರಿಯಾನ್ ಪ್ರಾಡರ್ ಅವರ ಸಂಸ್ಥೆ ಗುತ್ತಿಗೆದಾರನಾಗಿತ್ತು. 1929ರಲ್ಲಿ ಆರಂಭವಾದ ಕೆಲಸ 1930ರಲ್ಲಿ ಮುಗಿಯಿತು. ಕಮಾನಿನ ಹರವು 90 ಮೀಟರ್; ಸೇತುವೆಯ ಒಟ್ಟು ಉದ್ದ ಸುಮಾರು 132 ಮೀಟರ್; ರಸ್ತೆಯ ಅಗಲ ಕೇವಲ 3.5 ಮೀಟರ್. ಕೆಳಗೆ ತೊರೆಯವರೆಗೆ ಸುಮಾರು 90 ಮೀಟರ್ ಆಳವಿದೆ.

ಮೇಯಾರ್ 1872ರಲ್ಲಿ ಬರ್ನ್ ನಗರದಲ್ಲಿ ಜನಿಸಿದರು. ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ವಿಲ್ಹೆಲ್ಮ್ ರಿಟರ್ ಅವರ ಶಿಷ್ಯರಾಗಿದ್ದರು. ಉದ್ದುದ್ದದ ಸಮೀಕರಣಗಳಿಗಿಂತ ಬಲಗಳನ್ನು ರೇಖೆಗಳಲ್ಲಿ ಬರೆದು ನೋಡುವ ವಿಧಾನ ರಿಟರ್ ಅವರದು; ಕಟ್ಟಿದ ಸೇತುವೆಯ ಮೇಲೆ ಭಾರವಿಟ್ಟು ಪರೀಕ್ಷಿಸುವುದರಲ್ಲಿ ಅವರಿಗೆ ಹೆಚ್ಚು ವಿಶ್ವಾಸವಿತ್ತು. ಶಿಷ್ಯನ ಕಣ್ಣಿಗೆ ಆಕೃತಿಯ ಮೂಲಕ ಯೋಚಿಸುವ ಅಭ್ಯಾಸ ಬಂದದ್ದು ಇಲ್ಲಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ರಷ್ಯಾದಲ್ಲಿ ಸಿಲುಕಿಕೊಂಡ ಮೇಯಾರ್ ಅಲ್ಲಿ ಪತ್ನಿಯನ್ನೂ ಕ್ರಾಂತಿಯಲ್ಲಿ ಆಸ್ತಿಯನ್ನೂ ಕಳೆದುಕೊಂಡು 1919ರಲ್ಲಿ ಸ್ವದೇಶಕ್ಕೆ ಮರಳಿದರು. ಹಿಂದೆ ತಾವೇ ಗುತ್ತಿಗೆ ಹಿಡಿದು ಕಟ್ಟಿಸುತ್ತಿದ್ದವರು ಆಮೇಲೆ ವಿನ್ಯಾಸಕಾರರಾಗಿಯೇ ದುಡಿದರು. ಕಡಿಮೆ ಸಾಮಗ್ರಿಯಲ್ಲಿ ಕಟ್ಟುವುದು ಅವರಿಗೆ ಸೌಂದರ್ಯದ ಸಿದ್ಧಾಂತವಾಗುವ ಮೊದಲು ಟೆಂಡರಿನಲ್ಲಿ ಗೆಲ್ಲುವ ಅನಿವಾರ್ಯತೆಯಾಗಿತ್ತು ಎಂಬುದನ್ನು ಮರೆಯಬಾರದು.

4. ವಿನ್ಯಾಸದ ವಿವೇಚನೆ

ಈ ಕಮಾನಿಗೆ ಮೂರು ಕೀಲುಗಳಿವೆ: ಎರಡು ದಡಗಳಲ್ಲಿ ಒಂದೊಂದು, ನೆತ್ತಿಯಲ್ಲಿ ಒಂದು. ಎರಡು ಏಣಿಗಳ ತುದಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದರೆ ಹೇಗೋ ಹಾಗೆ ಎರಡು ಅರ್ಧಗಳು ನೆತ್ತಿಯಲ್ಲಿ ಸೇರುತ್ತವೆ. ಬೇಸಿಗೆಯಲ್ಲಿ ಕಾಂಕ್ರೀಟು ಹಿಗ್ಗಿದರೆ ನೆತ್ತಿ ತುಸು ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ದಡದ ಆಧಾರ ಕೊಂಚ ಜರುಗಿದರೂ ಕೀಲುಗಳು ಹೊಂದಿಕೊಳ್ಳುತ್ತವೆ; ಕಮಾನಿನ ಒಡಲಲ್ಲಿ ಒತ್ತಡ ಕೂಡಿಕೊಳ್ಳುವುದಿಲ್ಲ. ಬಲಗಳ ಲೆಕ್ಕವೂ ಸರಳವಾಗುತ್ತದೆ.

ಆಕೃತಿ ಹುಟ್ಟುವುದು ಈ ಲೆಕ್ಕದಿಂದಲೇ. ಕೀಲಿರುವಲ್ಲಿ ಬಾಗುವ ಬಲ ಇರುವುದಿಲ್ಲವಾದ್ದರಿಂದ ಅಲ್ಲಿ ದಪ್ಪ ಬೇಕಾಗಿಲ್ಲ. ಭಾರವಾದ ವಾಹನ ಸೇತುವೆಯ ಒಂದು ಅರ್ಧದ ಮೇಲಿದ್ದಾಗ ಆ ಅರ್ಧದ ನಡುಭಾಗವೇ ಹೆಚ್ಚು ಬಾಗಲು ಹವಣಿಸುತ್ತದೆ. ಆದ್ದರಿಂದ ಪ್ರತಿಯೊಂದು ಅರ್ಧವೂ ನೂಲು ಸುತ್ತಿದ ಕದಿರಿನಂತೆ ತುದಿಗಳಲ್ಲಿ ಸಣ್ಣದಾಗಿ ನಡುವೆ ತುಂಬಿಕೊಂಡಿದೆ. ಮೇಲಿನಿಂದ ನೋಡಿದರೆ ಕಮಾನು ನೆತ್ತಿಯಲ್ಲಿ ಕಿರಿದಾಗಿ ದಡದತ್ತ ಸುಮಾರು 6 ಮೀಟರ್‌ಗೆ ಅಗಲವಾಗುತ್ತದೆ. ಕಣಿವೆಯ ಗಾಳಿಯ ಅಡ್ಡನೂಕು ಇದರಿಂದ ಆಧಾರಗಳಿಗೆ ಇಳಿಯುತ್ತದೆ. ನೋಡುವವರಿಗೆ ಅಲಂಕಾರವೆಂದು ತೋರುವ ಎರಡು ಮುಖ್ಯ ರೇಖೆಗಳಿಗೂ ಹೀಗೆ ಕಾರಣಗಳಿವೆ.

ಎರಡನೆಯ ಅಂಶ ಪೊಳ್ಳು ಪೆಟ್ಟಿಗೆಯ ರಚನೆ. ಹಿಂದಿನ ಕಮಾನುಗಳಲ್ಲಿ ಕಮಾನು ಹೊರುವುದು, ಗೋಡೆ ನಿಲ್ಲುವುದು, ರಸ್ತೆಯ ಹಾಸು ಕೂರುವುದು ಬೇರೆ ಬೇರೆ ಕೆಲಸಗಳಾಗಿದ್ದವು. ಇಲ್ಲಿ ಕೆಳಗಿನ ತೆಳು ಕಮಾನು, ಪಕ್ಕದ ಗೋಡೆಗಳು, ಮೇಲಿನ ಹಾಸು ಒಂದೇ ಒಡಲಾಗಿ ಕೂಡಿ ಭಾರ ಹೊರುತ್ತವೆ. ಉಕ್ಕಿನ ಸರಳುಗಳನ್ನು ಒಳಗಿಟ್ಟ ಕಾಂಕ್ರೀಟಿನಲ್ಲಿ ಮಾತ್ರ ಸಾಧ್ಯವಾಗುವ ಒಗ್ಗೂಡುವಿಕೆ ಇದು. ಕಲ್ಲಿನಲ್ಲಿ ಇದು ಅಸಾಧ್ಯ.

5. ಪಾಠಾಂತರಗಳು

ಜಾನಪದ ಅಧ್ಯಯನದಲ್ಲಿ ಒಂದು ಪಾಠವನ್ನು ಒಂಟಿಯಾಗಿ ಓದುವ ಕ್ರಮವಿಲ್ಲ. ಪಾಠಾಂತರಗಳನ್ನು ಪಕ್ಕದಲ್ಲಿಟ್ಟು, ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂದು ನೋಡುತ್ತೇವೆ. ಈ ಕ್ರಮವನ್ನು ಮೇಯಾರ್ ಅವರ ಸೇತುವೆಗಳಿಗೆ ಅನ್ವಯಿಸಿದರೆ ಸಾಲ್ಗಿನಾಟೋಬೆಲ್ ಒಂದು ದೀರ್ಘ ಪರಂಪರೆಯ ಪಾಠವಾಗಿ ಕಾಣತೊಡಗುತ್ತದೆ.

ಮೊದಲ ಪಾಠ 1899ರ ಜ್ಯೂರಿಕ್‌ನ ಸ್ಟೌಫಾಕರ್ ಸೇತುವೆ. ಅದರ ಕಮಾನು ಕಾಂಕ್ರೀಟಿನದಾದರೂ ಹೊರಗೆ ಕಲ್ಲಿನ ಮುಖವಿದೆ. ಹೊಸ ವಸ್ತುವಿಗೆ ಹಳೆಯ ಉಡುಗೆ. ಎರಡನೆಯದು ಇನ್ ನದಿಯ ಮೇಲಿನ 1901ರ ಜ್ಯುಓಜ್ ಸೇತುವೆ, ಸುಮಾರು 38 ಮೀಟರ್ ಹರವಿನದು. ಪೊಳ್ಳು ಪೆಟ್ಟಿಗೆಯ ಕಲ್ಪನೆ ಮೊದಲು ಸಾಕಾರಗೊಂಡದ್ದು ಇಲ್ಲಿ. ಆದರೆ ಕೆಲವೇ ವರ್ಷಗಳಲ್ಲಿ ದಡಗಳ ಸಮೀಪದ ಪಕ್ಕಗೋಡೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡವು. ಸೇತುವೆಗೆ ಅಪಾಯವೇನೂ ಇರಲಿಲ್ಲ. ಗಾರೆ ಬಳಿದು ಮುಚ್ಚಿಬಿಡುವುದು ಸುಲಭವಿತ್ತು.

ಮೇಯಾರ್ ಆ ಬಿರುಕನ್ನು ಓದಿದರು. ಗೋಡೆಯ ಆ ಭಾಗ ಭಾರ ಹೊರುವುದರಲ್ಲಿ ಪಾಲುಗೊಳ್ಳುತ್ತಿಲ್ಲ ಎಂಬುದು ಅದರ ಅರ್ಥವೆಂದು ಕಂಡುಕೊಂಡರು. ವೋರ್ಡರ್‌ರೈನ್ ನದಿಗೆ 1905ರಲ್ಲಿ ಕಟ್ಟಿದ, 51 ಮೀಟರ್ ಹರವಿನ ತವನಾಸಾ ಸೇತುವೆಯಲ್ಲಿ ಅದೇ ಭಾಗವನ್ನು ತೆಗೆದುಹಾಕಿದರು. ಬಿರುಕು ಬಿಟ್ಟಿದ್ದ ಎಡೆಯಲ್ಲಿ ತ್ರಿಕೋನಾಕಾರದ ಬಯಲು ತೆರೆದುಕೊಂಡಿತು. ಇಂದು ಸಾಲ್ಗಿನಾಟೋಬೆಲ್‌ನಲ್ಲಿ ನಾವು ಮೆಚ್ಚುವ ಆ ಹಗುರ ಆಕೃತಿ ಹುಟ್ಟಿದ್ದು ಈ ರೀತಿ. ಅದರ ಸೌಂದರ್ಯದ ಮೂಲ ಒಂದು ದೋಷದಲ್ಲಿದೆ. ತವನಾಸಾ ಸೇತುವೆ 1927ರಲ್ಲಿ ಭೂಕುಸಿತಕ್ಕೆ ಸಿಲುಕಿ ನಾಶವಾಯಿತು. ಮರುವರ್ಷವೇ ಮೇಯಾರ್ ಅದರ ಆಕೃತಿಯನ್ನು ಸಾಲ್ಗಿನಾ ಕಣಿವೆಗೆ ಹಿಗ್ಗಿಸಿ, ಬದಲಿಸಿ ಮತ್ತೆ ಕೈಗೆತ್ತಿಕೊಂಡರು. ಹಾಡುಗಾರ ತೀರಿಕೊಂಡರೂ ಹಾಡು ಮತ್ತೊಂದು ಬಾಯಲ್ಲಿ ಬದುಕುವುದನ್ನು ಬಲ್ಲ ನಮಗೆ ಈ ಮುಂದುವರಿಕೆ ಅಪರಿಚಿತವಲ್ಲ.

ಸಾಲ್ಗಿನಾಟೋಬೆಲ್ ಕೂಡ ಅಂತಿಮ ಪಾಠವಾಗಲಿಲ್ಲ. ನೆತ್ತಿಯಲ್ಲಿ ಕೀಲಿರುವಾಗ ಕಮಾನಿನ ತಳರೇಖೆ ಅಲ್ಲಿ ನುಣುಪಾಗಿ ಹರಿಯಬೇಕಾದ ಕಾರಣವಿಲ್ಲ. ಅದು ಹಳೆಯ ಕಲ್ಲುಕಮಾನಿನ ರೂಢಿಗೆ ಸಂದ ರಿಯಾಯಿತಿ ಎಂಬುದನ್ನು ಮೇಯಾರ್ ಮುಂದೆ ತಾವೇ ಒಪ್ಪಿಕೊಂಡರು. 1933ರ ಫೆಲ್ಸೆಗ್ ಸೇತುವೆಯಲ್ಲಿ ತಳರೇಖೆ ನೆತ್ತಿಯಲ್ಲಿ ಮುರಿದು ಚೂಪಾಗುತ್ತದೆ. 1936ರಲ್ಲಿ ಜಿನೀವಾ ಬಳಿ ಕಟ್ಟಿದ ವೆಸ್ಸಿ ಸೇತುವೆಯಲ್ಲಿ ಅಡ್ಡಗೋಡೆಗಳೂ ಹೊಸ ರೂಪ ತಾಳುತ್ತವೆ. ಲೋಕ ಕೊಂಡಾಡುವ ಕೃತಿಯಲ್ಲಿ ಕರ್ತೃವೇ ಕೊರತೆ ಕಂಡನೆಂಬುದು ವಿಮರ್ಶೆಯ ದೃಷ್ಟಿಯಿಂದ ಮಹತ್ವದ ಸಂಗತಿ.

6. ಮರದ ಕಮಾನು

ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರಲು ಕೆಳಗೊಂದು ಆಸರೆ ಬೇಕು. ನಮ್ಮ ಕಟ್ಟಡ ಕೆಲಸಗಾರರು ಇದನ್ನು ಸೆಂಟ್ರಿಂಗ್ ಎನ್ನುತ್ತಾರೆ. ಸಾಲ್ಗಿನಾ ಕಣಿವೆಯಲ್ಲಿ ಈ ಆಸರೆಯೇ ಒಂದು ಬೃಹತ್ ಮರದ ಸೇತುವೆಯಾಗಿತ್ತು. ಅದನ್ನು ರೂಪಿಸಿದವರು ಅದೇ ಪ್ರಾಂತ್ಯದ ರಿಚರ್ಡ್ ಕೋರಾಯ್. ವೀಸೆನ್ ಮತ್ತು ಲಾಂಗ್ವೀಸ್ ರೈಲು ಸೇತುವೆಗಳ ಮರದ ಆಸರೆಗಳೂ ಅವರವೇ. ಕಮರಿಯ ಬಂಡೆಗಳಿಂದ ಬೀಸಣಿಗೆಯಂತೆ ಹರಡಿಕೊಂಡು ಮೇಲೇರಿದ ಆ ಮರದ ರಚನೆಯ ಛಾಯಾಚಿತ್ರಗಳನ್ನು ನೋಡಿದವರಿಗೆ ಸೇತುವೆಯಷ್ಟೇ ಸಾಹಸ ಅದರಲ್ಲಿಯೂ ಇತ್ತೆಂಬುದು ಮನವರಿಕೆಯಾಗುತ್ತದೆ.

ಮೇಯಾರ್ ಅವರ ಮಿತವ್ಯಯಕ್ಕೂ ಕೋರಾಯ್ ಅವರ ಮರಗೆಲಸಕ್ಕೂ ಬಿಡಿಸಲಾಗದ ನಂಟಿದೆ. ಮರದ ಆಸರೆ ಇಡೀ ಸೇತುವೆಯ ಭಾರವನ್ನು ಹೊರಬೇಕಾಗಿರಲಿಲ್ಲ. ಮೊದಲು ತಳದ ತೆಳು ಕಮಾನನ್ನಷ್ಟೇ ಎರೆದು ಗಟ್ಟಿಗೊಳಿಸಿ, ಅನಂತರದ ಗೋಡೆ ಮತ್ತು ಹಾಸಿನ ಭಾರದಲ್ಲಿ ಆ ಕಮಾನೂ ಪಾಲುಗೊಳ್ಳುವಂತೆ ಯೋಜಿಸಲಾಗಿತ್ತು. ಹೀಗಾಗಿ ಹಗುರವಾದ ಆಸರೆ ಸಾಕಾಯಿತು. ಕಾಗದದ ಮೇಲಿನ ಲೆಕ್ಕ ಮತ್ತು ಬಡಗಿಯ ಕೈ ಎರಡೂ ಒಂದನ್ನೊಂದು ನಂಬಿದ ಪರಿಣಾಮ ಈ ಸೇತುವೆ. ಕೆಲಸ ಮುಗಿದ ಮೇಲೆ ಮರವನ್ನು ಬಿಚ್ಚಲಾಯಿತು. ಸೇತುವೆ ಉಳಿಯಿತು, ಅದನ್ನು ಮೊದಲು ಹೊತ್ತದ್ದು ಉಳಿಯಲಿಲ್ಲ. ಕಾಂಕ್ರೀಟಿನ ಮೈಮೇಲೆ ಹಲಗೆಗಳ ಗುರುತಷ್ಟೇ ನಿಂತಿತು.

7. ಮೆಚ್ಚುಗೆಯ ಐತಿಹ್ಯ

ಹಳ್ಳಿಯ ರಸ್ತೆಯ ಈ ಸೇತುವೆ ಜಗತ್ಪ್ರಸಿದ್ಧವಾದದ್ದು ಕಲಾವಿಮರ್ಶೆಯ ಮೂಲಕ. ಸಿಗ್‌ಫ್ರೀಡ್ ಗೀಡಿಯನ್ 1941ರ ತಮ್ಮ ಗ್ರಂಥದಲ್ಲಿ ಮೇಯಾರ್ ಅವರನ್ನು ಆಧುನಿಕ ಕಲೆಯ ಸಾಲಿನಲ್ಲಿಟ್ಟು ಚರ್ಚಿಸಿದರು. 1947ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೇಯಾರ್ ಅವರ ಕೃತಿಗಳ ಪ್ರದರ್ಶನ ಏರ್ಪಡಿಸಿತು. 1949ರಲ್ಲಿ ಮ್ಯಾಕ್ಸ್ ಬಿಲ್ ಅವರ ಗ್ರಂಥ ಬಂದಿತು. 1991ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಸಾಲ್ಗಿನಾಟೋಬೆಲ್ ಸೇತುವೆಯನ್ನು ಅಂತಾರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಗುರುತಿಸಿತು. ಈ ಮನ್ನಣೆಯ ಮೌಲ್ಯವನ್ನು ಅಲ್ಲಗಳೆಯುವಂತಿಲ್ಲ. ಎಂಜಿನಿಯರನ ಕೆಲಸದಲ್ಲಿಯೂ ಕಲ್ಪನೆಯಿದೆ ಎಂಬುದನ್ನು ಲೋಕ ಒಪ್ಪಿದ್ದು ಇದರಿಂದಲೇ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ಕಣಿವೆಯ ಮೇಲೆ ತೇಲುವ ಬಿಳಿಯ ಕಮಾನಿನ ಛಾಯಾಚಿತ್ರ ಒಂದೇ ಒಂದು ಕ್ಷಣದ ಕೃತಿಯಂತೆ, ಒಬ್ಬನೇ ಪ್ರತಿಭಾಶಾಲಿಯ ಸ್ಫುರಣದಂತೆ ನಮ್ಮೆದುರು ನಿಲ್ಲುತ್ತದೆ. ಜ್ಯುಓಜ್‌ನ ಬಿರುಕು, 19 ಪ್ರಸ್ತಾವಗಳ ದರಪೈಪೋಟಿ, ಕೋರಾಯ್ ಅವರ ಮರ, ಕಾಂಕ್ರೀಟು ಹೊತ್ತವರ ಹೆಗಲು ಇವು ಚಿತ್ರದ ಚೌಕಟ್ಟಿನ ಹೊರಗುಳಿಯುತ್ತವೆ. ಷೋಲೆನೆನ್‌ನ ಐತಿಹ್ಯದಲ್ಲಿ ಸೈತಾನನಿದ್ದ ಸ್ಥಾನದಲ್ಲಿ ಕಲಾವಿಮರ್ಶೆ 'ಪ್ರತಿಭೆ'ಯನ್ನು ತಂದು ಕೂರಿಸಿತು. ಎರಡೂ ಕಥನಗಳಲ್ಲಿ ಸೇತುವೆ ಸಾಮಾನ್ಯರಿಗೆ ಎಟುಕದ ಶಕ್ತಿಯೊಂದರ ಪವಾಡವೇ ಆಗಿ ಉಳಿಯುತ್ತದೆ. ಐತಿಹ್ಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವಿದ್ವತ್ತು ತಾನೂ ಒಂದು ಐತಿಹ್ಯವನ್ನು ಕಟ್ಟುತ್ತಿರುವುದನ್ನು ಗಮನಿಸುವುದಿಲ್ಲ.

ಸೇತುವೆಯ ಸಂರಕ್ಷಣೆಯ ಚರಿತ್ರೆ ಇದಕ್ಕೆ ಒಂದು ತಿದ್ದುಪಡಿಯಂತಿದೆ. 1997-98ರಲ್ಲಿ ಇದರ ದುರಸ್ತಿ ನಡೆಯಿತು. ಮೇಲಿನಿಂದ ನೀರು ಒಳಗಿಳಿಯದಂತೆ ರಕ್ಷಣೆ ಕೊಡಲಾಯಿತು. ತಡೆಗೋಡೆಗಳನ್ನು ಹೊಸದಾಗಿ ಕಟ್ಟಲಾಯಿತು. ಸವೆದ ಮೈಯನ್ನು ಸರಿಪಡಿಸಲಾಯಿತು. ಕಾಂಕ್ರೀಟು ಅಮರವಲ್ಲ. ನೀರು ಇಳಿದರೆ ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ, ಹಿಗ್ಗಿದ ತುಕ್ಕು ಕಾಂಕ್ರೀಟನ್ನು ಒಡೆಯುತ್ತದೆ. ಪವಾಡಕ್ಕೆ ದುರಸ್ತಿ ಬೇಕಾಗುವುದಿಲ್ಲ. ಮನುಷ್ಯರು ಕಟ್ಟಿದ್ದಕ್ಕೆ ಬೇಕು.

8. ಸಮಾರೋಪ

ಸೇತುವೆ ನಿಲ್ಲಲು ಏನನ್ನು ಕೊಡಬೇಕು ಎಂಬ ಆರಂಭದ ಪ್ರಶ್ನೆಗೆ ಮರಳಬಹುದು. ಜನಪದ ಈ ಪ್ರಶ್ನೆಯನ್ನು ಕೇಳಿದ್ದು ಸರಿಯಾಗಿಯೇ ಇದೆ. ಬೆಲೆಯಿಲ್ಲದೆ ಯಾವ ಕಟ್ಟಡವೂ ನಿಂತಿಲ್ಲ. ಆ ಬೆಲೆಯನ್ನು ಹೆಚ್ಚಾಗಿ ದುರ್ಬಲರೇ ತೆತ್ತಿದ್ದಾರೆ ಎಂಬ ಕಟುಸತ್ಯವನ್ನು ಭಾಗೀರಥಿಯ ಕಥೆ ಕಾಪಿಟ್ಟುಕೊಂಡು ಬಂದಿದೆ. ಆದರೆ ಸಾಲ್ಗಿನಾಟೋಬೆಲ್ ಕೊಡುವ ಉತ್ತರ ಬೇರೆ. ಅಲ್ಲಿ ಕೊಡಬೇಕಾಗಿ ಬಂದದ್ದು ತನ್ನ ಹಿಂದಿನ ಕೆಲಸದಲ್ಲಿ ತಪ್ಪಿಲ್ಲವೆಂಬ ಅಭಿಮಾನವನ್ನು. ಬಿರುಕನ್ನು ಮುಚ್ಚದೆ ಓದಿದ್ದರಿಂದ, ಲೆಕ್ಕ ಹಾಕಿದವನು ಮರ ಜೋಡಿಸಿದವನನ್ನು ನಂಬಿದ್ದರಿಂದ ಆ ಸೇತುವೆ ನಿಂತಿತು.

ಆದ್ದರಿಂದ ಜನಪದ ಜ್ಞಾನ ಒಂದು ಕಡೆ, ಆಧುನಿಕ ತಂತ್ರಜ್ಞಾನ ಇನ್ನೊಂದು ಕಡೆ ಎಂಬ ವಿಭಜನೆಯನ್ನು ನಾವು ಕೈಬಿಡಬೇಕಾಗಿದೆ. ಕೈಯಿಂದ ಕೈಗೆ ದಾಟುತ್ತ, ಪಾಠಾಂತರಗಳಲ್ಲಿ ತಿದ್ದಿಕೊಳ್ಳುತ್ತ ಬೆಳೆಯುವ ಅರಿವು ಎರಡೂ ಕಡೆ ಇದೆ. ಕರ್ನಾಟಕದಲ್ಲಿ ಕೆರೆ ಕಟ್ಟಿದ ಒಡ್ಡರ, ಕಲ್ಲುಕುಟಿಗರ, ಬಡಗಿಗಳ, ಇಂದಿನ ಸೆಂಟ್ರಿಂಗ್ ಕೆಲಸಗಾರರ ಅನುಭವ ಕಥನಗಳನ್ನು ಗೀತೆಗಳಷ್ಟೇ ಶ್ರದ್ಧೆಯಿಂದ ದಾಖಲಿಸುವ ಕೆಲಸ ನಮ್ಮ ಕ್ಷೇತ್ರಕಾರ್ಯದ ಭಾಗವಾಗಬೇಕು. ಕಟ್ಟುವುದು ಹೇಗೆಂಬ ಕಥೆ ಊರಿನಲ್ಲಿ ಚಲಾವಣೆಯಲ್ಲಿದ್ದರೆ, ಸೇತುವೆಗೆ ತಲೆ ಬೇಕೆಂಬ ವದಂತಿಗೆ ಎದುರಾಗಿ ಹೇಳಲು ಜನರ ಬಳಿ ಇನ್ನೊಂದು ಕಥೆ ಇರುತ್ತದೆ. ಕೆರೆಗೆ ಮೊದಲು ನೀರು ಯಾಕೆ ಬರಲಿಲ್ಲವೆಂದು ಕೇಳಿದ ಆ ವಿದ್ಯಾರ್ಥಿನಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಉತ್ತರ ಕೆರೆ ಕಟ್ಟಿದವರ ಬಳಿ ಇತ್ತು. ಅವರನ್ನು ನಾವು ಕೇಳಿರಲಿಲ್ಲ.